ಹೊಂಬಳದ ಹಳಿಯ ಮೇಲೆ ಮಲಗಿದವನು

ನನ್ನ ಮದುವೆ ಆದದ್ದು ಒಂದು ಸುಳ್ಳಿನ ಬಲದಿಂದ. ಹೇಳಿದವನು ನಾನು. ಅದನ್ನು ನಂಬಿ ಮಗಳನ್ನು ಕೊಟ್ಟವರು ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದ ನನ್ನ ಮಾವ. ಬಂದವರಿಗೆಲ್ಲ ಅವರು ನನ್ನನ್ನು ತೋರಿಸಿ, "ಚಳವಳ್ಯಾಗ ಗಾಡಿ ಮುಂದ ಮಲಗಿ ಗಾಡಿ ನಿಂದರ್ಸಿದಾಂವ ಈತ" ಎನ್ನುತ್ತಿದ್ದರು. ಆಗ ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯವೆಂದು ತಿಳಿಯುತ್ತಿದ್ದರು.

ಆದದ್ದು ಹೀಗೆ. ಚಲೇಜಾವ್ ಚಳವಳಿಯ ವರ್ಷ ನಾನು ಗದಗಿನಲ್ಲಿ ಕೋಣೆ ಹಿಡಿದು ಹೈಸ್ಕೂಲಿನ ಕೊನೆಯ ತರಗತಿ ಓದುತ್ತಿದ್ದೆ. ಬೆಟಗೇರಿಯ ನೇಕಾರರ ಮನೆಯ ಒಬ್ಬ ಗೆಳೆಯನಿದ್ದ. ನನ್ನದೇ ವಯಸ್ಸು, ಆಗಲೇ ಮಗ್ಗದಲ್ಲಿ ಕೂರುತ್ತಿದ್ದ. ಸಂಜೆಯ ಸಭೆಗಳಲ್ಲಿ ಪರಿಚಯವಾಗಿ ಒಬ್ಬರನ್ನೊಬ್ಬರು "ಲೇ" ಎಂದು ಕರೆಯುವಷ್ಟು ಹತ್ತಿರವಾಗಿದ್ದೆವು. ಹೊಂಬಳದ ಈಚೆಗಿನ ತಿರುವಿನಲ್ಲಿ ಹಳಿಯ ಮೇಲೆ ಮಲಗಿ ವಿಜಾಪುರದ ಗಾಡಿ ತಡೆಯಬೇಕೆಂದು ನಾವಿಬ್ಬರೇ ನಿಶ್ಚಯಿಸಿದೆವು. ಯೋಚನೆ ನನ್ನದು. ಬಾವುಟ ಅವನದು, ಅವನ ಕೈಯಿಂದಲೇ ನೇಯ್ದದ್ದು.

ಇಬ್ಬರೂ ಮಲಗಿದೆವು. ಗಾಡಿ ಕಾಣುವ ಮೊದಲು ಹಳಿ ನಡುಗಿತು. ಆ ನಡುಕ ಬೆನ್ನಿನಿಂದ ಹಲ್ಲಿನವರೆಗೆ ಬಂತು. ಶಿಳ್ಳೆ ಕೇಳಿತೋ ಇಲ್ಲವೋ, ನಾನು ಎದ್ದು ಪಕ್ಕದ ಜೋಳದ ಹೊಲಕ್ಕೆ ಬಿದ್ದೆ. "ಏಳಲೇ" ಎಂದು ಅವನನ್ನು ಕೂಗಲೂ ಇಲ್ಲ. ಗಾಡಿ ಕಿರುಗುಟ್ಟುತ್ತ ನಿಂತಿತು. ಹಿಂದಿನ ಡಬ್ಬಿಯಿಂದ ಪೊಲೀಸರು ಇಳಿದು ಓಡಿ ಬಂದರು. ಲಾಠಿಯ ಸದ್ದು ಕೇಳುತ್ತ ಜೋಳದ ದಂಟಿನ ನಡುವೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆಮೇಲೆ ಹೊಲಗಳಲ್ಲೇ ನಡೆದು, ಸಿಕ್ಕ ಬಂಡಿ ಹತ್ತಿ, ಮುಂಡರಗಿಯ ಸೋದರಮಾವನ ಮನೆ ಸೇರಿದೆ.

ಅಂಗಿ ಹರಿದಿತ್ತು, ಮೊಣಕಾಲು ತರಚಿತ್ತು. ಸೋದರಮಾವ "ಏನಾತೋ?" ಎಂದು ಕೇಳಿದ. "ಗಾಡಿ ನಿಂದರ್ಸಿದ್ವಿ" ಎಂದೆ. ಆ ದಿನ 'ನಿಂದರ್ಸಿದ್ವಿ' ಎಂದೇ ಹೇಳಿದ್ದೆ. ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಹೋದವು. ನನಗೆ ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆ ಸಿಕ್ಕಿತು. ಇಷ್ಟರೊಳಗೆ ಎಲ್ಲೋ ಅದು 'ನಿಂದರ್ಸಿದೆ' ಆಗಿತ್ತು. ಯಾವ ದಿನ ಆಯಿತೆಂದು ಎಷ್ಟು ನೆನೆದರೂ ಹೊಳೆಯುವುದಿಲ್ಲ. ಶಾಲೆಯ ಧ್ವಜವಂದನೆಯಲ್ಲಿ ಮೊದಲ ಸಲ ಹಾರ ಹಾಕಿದಾಗ ಬೇಡವೆನ್ನಲಿಲ್ಲ ಎಂಬುದು ಮಾತ್ರ ನೆನಪಿದೆ. ಗೆಳೆಯ ಏನಾದನೆಂದು ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತಿತ್ತು.

ಏಕೀಕರಣವಾದ ಮೇಲಿನ ಮೊದಲ ಚಳಿಗಾಲ. ನನ್ನ ಮದುವೆಯಾಗಿ ಆರು ತಿಂಗಳಾಗಿತ್ತು. ಗದಗಿನ ಸ್ಟೇಶನ್ನಿನಾಚೆ ಪಾಳುಬಿದ್ದ ಒಂದು ಶೆಡ್ಡಿನಲ್ಲಿ ನಿವೃತ್ತರಾದ ನಾಲ್ಕೈದು ರೇಲ್ವೆ ಮಂದಿ ಸೇರಿ ಒಂದು ಹಳೆಯ ಎಂಜಿನ್ನು, ಒಂದು ಥರ್ಡ್ ಕ್ಲಾಸ್ ಡಬ್ಬಿ ಇಟ್ಟುಕೊಂಡಿದ್ದಾರೆ, ರವಿವಾರ ಜನರಿಗೆ ತೋರಿಸುತ್ತಾರೆ ಎಂಬ ಸುದ್ದಿ ಪೇಟೆಗೆ ಬಂತು. ಗುಜರಿಗೆ ಹೋಗಬೇಕಾಗಿದ್ದ ಎಂಜಿನ್ನನ್ನು ಸಾಹೇಬರ ಕೈಕಾಲು ಹಿಡಿದು ಉಳಿಸಿಕೊಂಡಿದ್ದರಂತೆ. ಸಂಬಳವಿಲ್ಲ, ಟಿಕೀಟಿಲ್ಲ. ತಾವೇ ಎಣ್ಣೆ ತರುತ್ತಾರೆ, ತಾವೇ ಒರೆಸುತ್ತಾರೆ. ಜನ ಅದನ್ನು 'ಗಾಡಿ ಮನಿ' ಎನ್ನುತ್ತಿದ್ದರು.

"ಹೊಂಬಳದ ಲೈನಿನ ಎಂಜಿನ್ ಅಂತ್ರಿ ಅದು! ನಿಮ್ಮದ ಇರಬೇಕು ಮಾಸ್ತರ್ರ" ಎಂದರು ಮಾವ. ಪರೀಕ್ಷೆಯ ಕೆಲಸವಿದೆ ಎಂದೆ. ತಲೆನೋವು ಎಂದೆ. ಹೆಂಡತಿ, "ಅದರ ಮುಂದ ಮಲಗಾಕ ಅಂಜಿಲ್ಲ, ನೋಡಾಕ ಅಂಜತೀರಿ?" ಎಂದು ನಕ್ಕಳು. ರವಿವಾರ ಮುಂಜಾನೆಯ ಬಸ್ಸಿಗೆ ಮೂವರೂ ಹೊರಟೆವು. ಶಿರಹಟ್ಟಿ ಬರುವಷ್ಟರಲ್ಲಿ ಬಸ್ಸಿನವರಿಗೆಲ್ಲ ನನ್ನ ಕಥೆ ಗೊತ್ತಾಗಿತ್ತು. ಒಬ್ಬ ಮುದುಕಿ ಎದ್ದು ನನಗೆ ಜಾಗ ಕೊಡಲು ಬಂದಳು.

ಶೆಡ್ಡಿನ ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ಮಾಸಿದ ಖಾಕಿ ಕೋಟು, ಹುಬ್ಬೂ ಬಿಳಿ. ಮೂವತ್ತು ವರ್ಷ ಎಂಜಿನ್ ಓಡಿಸಿದ ಅವನನ್ನು ಎಲ್ಲರೂ ಡ್ರೈವರ್ ಅಜ್ಜ ಎನ್ನುತ್ತಿದ್ದರು.

"ಬರ್ರಿ ಸಾವ್ಕಾರ್ರ. ಚಪ್ಪಲಿ ಬಿಡೂದು ಬ್ಯಾಡ, ಇದೇನ ಗುಡಿ ಅಲ್ಲ. ತಲಿ ಅಷ್ಟ ಸಂಭಾಳಸ್ರಿ, ಮ್ಯಾಲ ಕಬ್ಬಣ ಐತಿ."

ಒಳಗೆ ಎಣ್ಣೆಯ ವಾಸನೆ, ಹಳೆಯ ಕಲ್ಲಿದ್ದಲಿನ ವಾಸನೆ. ಎಂಜಿನ್ನು ನನ್ನ ನೆನಪಿನಲ್ಲಿದ್ದುದಕ್ಕಿಂತ ಚಿಕ್ಕದಿತ್ತು. ಹಿತ್ತಾಳೆಯ ಭಾಗಗಳನ್ನು ಮನೆಯ ತಂಬಿಗೆಯಂತೆ ಬೆಳಗಿದ್ದರು. ಅಜ್ಜ ನನ್ನ ಹೆಂಡತಿಯನ್ನು ಕೈಹಿಡಿದು ಮೇಲೆ ಹತ್ತಿಸಿದ. ಬೆಂಕಿಯ ಬಾಗಿಲು ತೆಗೆದು ತೋರಿಸಿದ. ಶಿಳ್ಳೆಯ ಸರಪಳಿ ಅವಳ ಕೈಗೆ ಕೊಟ್ಟು "ಜಗ್ಗವಾ" ಎಂದ. ಅವಳು ಜಗ್ಗಿದಳು. ಉಗಿಯಿಲ್ಲದ ಎಂಜಿನ್ನು ಸುಮ್ಮನಿತ್ತು. ಅಜ್ಜನೇ ಬಾಯಿಂದ ಉದ್ದಕ್ಕೆ "ಕೂ" ಎಂದು ಕೂಗಿದ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೂ ಒಂದು ಕ್ಷಣ ಹಗುರವೆನಿಸಿತು.

ಆಮೇಲೆ ಅಜ್ಜ ಕೆಳಗಿಳಿದು ಎಂಜಿನ್ನಿನ ಮುಂದಿನ ಕಬ್ಬಿಣದ ಜಾಲರಿಯ ಮೇಲೆ ಕೈಯಿಟ್ಟ.

"ಚಲೇಜಾವ್ ವರ್ಷ, ನಾನ ಇದರ ಮ್ಯಾಲ ಇದ್ದೆ. ಹೊಂಬಳ ದಾಟಿ ತಿರುವಿನ್ಯಾಗ ನೋಡತೇನಿ, ಹಳಿಗೆ ಅಡ್ಡ ಒಬ್ಬಾಂವ ಮಲಗ್ಯಾನ. ಎದಿ ಮ್ಯಾಲ ಬಾವುಟಾ. ಬ್ರೇಕ್ ಹಾಕಿದೆ, ಶಿಳ್ಳಿ ಹೊಡದೆ. ಏಳವಲ್ಲ! ಗಾಡಿ ಅಂದ್ರ ಎತ್ತಿನ ಬಂಡಿ ಅಲ್ಲ ನೋಡ್ರಿ, ಹಗ್ಗಾ ಜಗ್ಗಿದ ಕೂಡ್ಲೆ ನಿಂದ್ರೂದಿಲ್ಲ. ಕಣ್ಣ ಮುಚ್ಚಿಬಿಟ್ಟೆ. ನಿಂತ ಮ್ಯಾಲ ಇಳದು ನೋಡಿದ್ರ ಈ ಜಾಲರಿಗೂ ಅವಗೂ ನಡುವ ಎರಡ ಮೊಳ."

ಮಾವನಿಗೆ ತಡೆಯಲಾಗಲಿಲ್ಲ. "ಆ ಮಲಗಿದಾಂವ ಇಲ್ಲೇ ನಿಂತಾರ ಅಜ್ಜಾರ! ಇವರ ನೋಡ್ರಿ, ನಮ್ಮ ಅಳಿಯಂದ್ರು, ಮಾಸ್ತರ್ರು!"

ಅಜ್ಜ ನನ್ನ ಮುಖ ನೋಡಿದ. ನಿಧಾನವಾಗಿ ಎಂಜಿನ್ನಿನ ಆ ಬದಿಗೆ ತಿರುಗಿ ನೋಡಿದ. ಅಲ್ಲಿ ದೊಡ್ಡ ಗಾಲಿಯ ಹಿಂದೆ ಒಬ್ಬ ಅರಿವೆ ಹಿಡಿದು ಒರೆಸುತ್ತಿದ್ದ. ಅವನು ಗಾಲಿಯ ಕಡ್ಡಿ ಹಿಡಿದುಕೊಂಡು ಎದ್ದ. ಎಡಗಾಲು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ಅದನ್ನು ಪಕ್ಕಕ್ಕೆ ಚಾಚಿ ಎಳೆದುಕೊಳ್ಳುತ್ತ ಬೆಳಕಿಗೆ ಬಂದ. ಕೂದಲು ಉದುರಿತ್ತು. ಆದರೂ ಕಂಡ ಕೂಡಲೇ ಗುರುತು ಸಿಕ್ಕಿತು. ಅವನಿಗೂ ಸಿಕ್ಕಿತು.

ಅವನೇನು ಹೇಳುತ್ತಾನೆಂದು ಕಾಯುತ್ತ ನಿಂತೆ. ನಾನೇ ಹೇಳಬಹುದಿತ್ತು. ಆ ಹೊತ್ತು ಸಾಕಷ್ಟು ಉದ್ದವಿತ್ತು.

"ಹೌದ್ರಿ ಸಾವ್ಕಾರ್ರ" ಎಂದ ಅವನು. "ಇವರೂ ಇದ್ರು ಅಲ್ಲಿ." ನನ್ನ ಕಡೆ ತಿರುಗಿ, "ಬರ್ರಿ ಮಾಸ್ತರ್ರ" ಎಂದ.

ಮಾವ ಹಿಗ್ಗಿಹೋದರು. "ನೋಡ್ರಿ, ಸಾಕ್ಷಿನೂ ಸಿಕ್ಕಾತು! ಮಾಸ್ತರ್ರ, ಹೆಂಗ ಮಲಗಿದ್ರಿ ಒಂಚೂರು ತೋರಸ್ರಿ. ಆಕಿನೂ ನೋಡಲಿ."

ಇಲ್ಲಿಯವರೆಗಿನದನ್ನು ಹೇಡಿತನ ಎನ್ನಬಹುದು. ಮುಂದೆ ಮಾಡಿದ್ದಕ್ಕೆ ನನ್ನ ಬಳಿ ಹೆಸರಿಲ್ಲ. ನಾನು ಬಗ್ಗಿ ಕೂತು, ಎಂಜಿನ್ನಿನ ಮುಂದಿನ ಹಳಿಯನ್ನು ಮುಟ್ಟಿ, "ತಲಿ ಈ ಕಡೆ, ಕಾಲು ಆ ಕಡೆ" ಎಂದು ತೋರಿಸಿದೆ. ಅವನು ನಾಲ್ಕು ಹೆಜ್ಜೆ ದೂರದಲ್ಲಿ ಅರಿವೆ ಹಿಡಿದು ನಿಂತಿದ್ದ.

"ತಲಿ ಆ ಕಡೆ ಇತ್ತರಿ" ಎಂದ ಅಜ್ಜ ಮೆಲ್ಲಗೆ. "ಹೊಲದ ಕಡೆ."

"ಎಷ್ಟ ವರ್ಷಾತು, ಮರತಿರತೈತಿ ಬಿಡ್ರಿ" ಎಂದು ಮಾವ ನಕ್ಕರು. ಆಮೇಲೆ ಅವನ ಕಾಲು ನೋಡಿ ಕನಿಕರದಿಂದ, "ಕಾಲಿಗೇನಾತೋ ತಮ್ಮಾ?" ಎಂದು ಕೇಳಿದರು.

"ಬಿದ್ದಿದ್ದೆರಿ" ಎಂದ ಅವನು. ಮತ್ತೆ ಗಾಲಿಯ ಹಿಂದೆ ಹೋಗಿ ಕೂತು ಒರೆಸತೊಡಗಿದ.

ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಮನೆಗೆ ಬಂದು, ದೀಪ ಹಚ್ಚಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು.

"ಅವರು 'ಇವರೂ' ಅಂದ್ರು. ಮತ್ತ ಯಾರಿದ್ರು?"

ಹೇಳಿದೆ. ಎಲ್ಲವನ್ನೂ. ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು, ತೆಗೆಯಲಿಲ್ಲ. "ಆ ಹಳಿ ಮುಟ್ಟಿ ತೋರ್ಸಿದ್ರಲ್ರಿ. ಅವರು ಅಲ್ಲೇ ನಿಂತಿದ್ರು" ಎಂದಳು. ಅಳಲಿಲ್ಲ, ಬೈಯಲಿಲ್ಲ. ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, "ಮದಲ ಅವರ ಕಡೆ ಹೋಗ್ರಿ. ನಮ್ಮಪ್ಪಗ ಆಮ್ಯಾಲ" ಎಂದಳು.

ಅವಳು ಹೇಳಿದ್ದು ಮರುದಿನವೇ ಹೋಗಬೇಕೆಂದು. ನಾನು ನಾಲ್ಕು ರವಿವಾರ ನೆಪ ಹುಡುಕಿದೆ. ಐದನೆಯ ರವಿವಾರ ಅವಳು ಎಂದಿಗಿಂತ ಬೇಗ ಎದ್ದು ಬುತ್ತಿ ಕಟ್ಟಿ ಬಾಗಿಲಲ್ಲಿಟ್ಟಳು. ಹೊರಟೆ.

ಶೆಡ್ಡಿನಲ್ಲಿ ಅವನೂ ಅಜ್ಜನೂ ಇಬ್ಬರೇ ಇದ್ದರು. ನನ್ನನ್ನು ಕಂಡು ಅಜ್ಜ ಎಣ್ಣೆಯ ಡಬ್ಬಿ ಹಿಡಿದು ಆಚೆಗೆ ಹೋದ. "ತಪ್ಪಾತು" ಎಂದಷ್ಟೇ ಹೇಳಿ ನಿಂತೆ.

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. "ಓಡಿದ್ದಕ್ಕ ನನಗ ಸಿಟ್ಟಿಲ್ರಿ. ಆ ಸಪ್ಪಳಾ ಕೇಳಿದ್ರ ಯಾರರ ಓಡತಾರ. ಮೂರ ತಿಂಗಳ ದವಾಖಾನ್ಯಾಗ ಬಿದ್ದಿದ್ದೆ. ಬಾಗಲಾ ಸಪ್ಪಳಾದ್ರ ನೀವ ಬಂದ್ರಿ ಅಂತ ತಲಿ ಎತ್ತತಿದ್ದೆ. ಈ ಅಜ್ಜ ಬಂದ. ಗುರ್ತ ಇಲ್ಲದಾಂವ, ಗಾಡಿ ನಿಂದರ್ಸಿದ್ದಕ್ಕ ಬೈಸಿಕೊಂಡಾಂವ, ಹಣ್ಣು ತೊಗೊಂಡು ಬಂದ. ನೀವು ಬರಲಿಲ್ಲ."

"ಅವತ್ತ ನಮ್ಮ ಮಾವನ ಮುಂದ ಖರೆ ಯಾಕ ಹೇಳಲಿಲ್ಲ?"

"ಆ ತಂಗಿ ಮಾರಿ ನೋಡಿದೆ. ನಿಮ್ಮ ಸಲುವಾಗಿ ಅಲ್ಲ."

"ನನಗ ನೀವು ಅನಬ್ಯಾಡೋ" ಎಂದೆ.

"ಬ್ಯಾರೆ ಬಾಯಾಗ ಬರವಲ್ದು ಬಿಡ್ರಿ."

ಕಾಲು ಮಡಚದೆ, ಕುಣಿಯಲ್ಲಿ ಕಾಲಿಳಿಸಿ ತುಳಿಯುವ ಮಗ್ಗದಲ್ಲಿ ಕೂರಲು ಬಾರದಾಗಿ, ಅವನು ಅಂದಿನಿಂದ ಮನೆಯ ಹೆಂಗಸರ ಜೊತೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ. ಇದನ್ನು ಹೇಳಿದವನು ಅಜ್ಜ. ಸಂಜೆಯವರೆಗೆ ನಾನೂ ಒಂದು ಅರಿವೆ ತೆಗೆದುಕೊಂಡು ಥರ್ಡ್ ಕ್ಲಾಸ್ ಡಬ್ಬಿಯ ಕೂರುವ ಬಾಂಕುಗಳನ್ನು ಒರೆಸಿದೆ. ಗೆಳೆಯ ಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಮುಂದೆ ತಿಂಗಳಿಗೊಂದು ರವಿವಾರ ಹೋಗತೊಡಗಿದೆ.

ಅಲ್ಲಿಗೆ ಬಂದವರಿಗೆ ಅಜ್ಜ ಹೊಂಬಳದ ಕಥೆ ಹೇಳುವಾಗ, ಮಲಗಿದವರು ಇಬ್ಬರು, ಎದ್ದು ಓಡಿದವನು ನಾನು ಎಂದು ಸೇರಿಸತೊಡಗಿದೆ. ಎರಡು ಸಲ ಹೇಳಿದೆ. ಮೂರನೆಯ ಸಲ ಬಂದವರಲ್ಲಿ ಲಕ್ಷ್ಮೇಶ್ವರದ ಇಬ್ಬರು ಅಡತಿ ವ್ಯಾಪಾರಿಗಳಿದ್ದರು. ನಾನು ಡಬ್ಬಿಯೊಳಗೆ ಹೋಗಿ ಅವರು ಹೋಗುವವರೆಗೆ ಬಾಂಕು ಒರೆಸುತ್ತ ಕೂತೆ.

ಮಾವನಿಗೆ ಹೇಳಿದ ದಿನ ಅವರು ಅಂಗಡಿಯಲ್ಲಿ ಜೋಳದ ಚೀಲದ ಬಾಯಿ ಹೊಲಿಯುತ್ತಿದ್ದರು. ದಬ್ಬಣ ಕೈಯಲ್ಲೇ ಉಳಿಯಿತು. "ಮತ್ತ ಯಾರಿಗೆ ಹೇಳೀರಿ?" ಎಂದು ಕೇಳಿದರು.

"ಆಕಿಗೆ ಗೊತ್ತೈತಿ. ಗದಗಿನವರಿಗೆ ಗೊತ್ತೈತಿ."

"ಇಲ್ಲಿಗೆ ಸಾಕು. ಊರಾಗ ಹೇಳಬ್ಯಾಡ್ರಿ. ಸಣ್ಣಾಕಿ ಇನ್ನೂ ಮದವಿಗೆ ಅದಾಳ." ಚೀಲ ಹೊಲಿದು ಮುಗಿಸಿದರು. ಆಮೇಲೆ ಅವರು ನನ್ನನ್ನು ಯಾರಿಗೂ ತೋರಿಸಲಿಲ್ಲ. ಜನ ತಾವಾಗಿಯೇ ಕೇಳಿದರೆ ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸುತ್ತಿದ್ದರು.

ನನಗೆ ಅವರ ಮಾತು ಅನುಕೂಲವಾಯಿತು. ಮುಂದಿನ ಧ್ವಜವಂದನೆಯಲ್ಲಿ ಹೆಡ್ ಮಾಸ್ತರರು ಹಾರ ಹಿಡಿದು ಬಂದಾಗ ನಾದಿನಿಯ ಮದುವೆ ನೆನೆದು ಕತ್ತು ಬಗ್ಗಿಸಿದೆ. ಮನೆಗೆ ಬಂದೆ. ಹೆಂಡತಿ ನನ್ನ ಕೊರಳಿನಿಂದ ಹಾರ ತೆಗೆದು, ದಾರ ಕಿತ್ತು, ಚೆಂಡುಹೂ ಎಲ್ಲ ಎಮ್ಮೆಯ ಮುಂದೆ ಹಾಕಿದಳು. ಎಮ್ಮೆ ತಿನ್ನುವವರೆಗೆ ಅಲ್ಲೇ ನಿಂತಿದ್ದಳು.

ಕೆಲವು ವರ್ಷಗಳಲ್ಲಿ ಡ್ರೈವರ್ ಅಜ್ಜ ತೀರಿಕೊಂಡ. ಶೆಡ್ಡಿನ ಜಾಗ ಬೇರೆ ಕೆಲಸಕ್ಕೆ ಬೇಕಾಯಿತು. ಎಂಜಿನ್ನನ್ನು ಎಳೆದೊಯ್ಯುವ ದಿನ ಗೆಳೆಯ ಅದನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಒರೆಸಿದ. ಗುಜರಿಗೆ ಹೋಗುವುದನ್ನು ಯಾಕೆ ಒರೆಸುತ್ತೀರಿ ಎಂದು ಬಂದ ಕೂಲಿಗಳು ಕೇಳಿದರು. ಅವನು ಜಾಲರಿಯ ಮೇಲಿನ ಧೂಳನ್ನು ಅಂಗೈಯಿಂದಲೇ ತೆಗೆದ. ನಾನು ನೀರಿನ ಬಕೀಟು ಹಿಡಿದು ಹಿಂದೆ ನಿಂತಿದ್ದೆ.

ನಾದಿನಿಯ ಮದುವೆಯಾಗಿ, ಮಾವನೂ ಹೋದ ಮೇಲೆ, ಒಂದು ಧ್ವಜವಂದನೆಯ ದಿನ ಹಾರ ಬೇಡವೆಂದು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹೇಳುವುದರಿಂದ ಇನ್ನು ನನಗೆ ಯಾವ ನಷ್ಟವೂ ಇರಲಿಲ್ಲ. ಹಾಗಾಗಿ ಅದನ್ನು ಧೈರ್ಯವೆಂದು ಬರೆದುಕೊಳ್ಳಲಾರೆ. ಹೆಡ್ ಮಾಸ್ತರರು ಕೆಮ್ಮಿದರು. ಮಕ್ಕಳಿಗೆ ಪೇಢೆ ಹಂಚುವ ಹೊತ್ತಾಗಿತ್ತು. ನಾಲ್ಕು ಜನ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಉಳಿದವರಿಗೆ ನಾನು ಹೇಳಿದ್ದರಲ್ಲಿ ಗಾಡಿ, ಹಳಿ, ಹೊಂಬಳ ಇಷ್ಟೇ ಉಳಿಯಿತು. ಈಗಲೂ ಪೇಟೆಯಲ್ಲಿ ನನ್ನನ್ನು 'ಗಾಡಿ ಮಾಸ್ತರ' ಎಂದು ಗೌರವದಿಂದ ಕರೆಯುವವರಿದ್ದಾರೆ. ಕರೆದರೆ ತಿರುಗಿ ನೋಡುತ್ತೇನೆ.