ಚೆನ್ನಮ್ಮಜ್ಜಿಯ ಓಟು

ಚೆನ್ನಮ್ಮಜ್ಜಿ, ನೀವು ಹೇಳಿದವರಿಗೆ ನಿಮ್ಮ ಓಟನ್ನು ನಾನು ಹಾಕಲಿಲ್ಲ.

ಕಳೆದ ವಿಧಾನಸಭೆ ಚುನಾವಣೆಯ ದಿನ ಕೆರೆಕಟ್ಟೆ ಕಡೆಯ ನಮ್ಮ ಬೂತಿಗೆ ನಿಮ್ಮನ್ನು ಕೈಹಿಡಿದು ಕರೆದೊಯ್ದವಳು ನಾನು. ಕಣ್ಣಿಗೆ ಪೊರೆ ಬಂದು ನಿಮಗೆ ಗುರುತುಗಳು ಕಾಣುತ್ತಿರಲಿಲ್ಲ. ಅಂಥವರ ಜೊತೆ ಒಬ್ಬರು ಒಳಗೆ ಹೋಗಿ ಅವರ ಪರವಾಗಿ ಗುಂಡಿ ಒತ್ತಬಹುದು; ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಬರೆದುಕೊಡಬೇಕು, ಅಷ್ಟೆ. ಬರೆದುಕೊಟ್ಟೆ. ನನ್ನ ಬಲಗೈ ಬೆರಳಿಗೆ ಶಾಯಿ ಹಚ್ಚಿದರು. ರಟ್ಟಿನ ಮರೆಯಲ್ಲಿ ನೀವು ನನ್ನ ಕಿವಿಗೆ ಬಾಯಿಟ್ಟು ಹೇಳಿದಿರಿ:

"ಹೊಲಿಗೆ ಮಷೀನು. ಕೆಳಗಿಂದ ಎರಡನೇದು ಅಂತೆ. ಸರಿ ನೋಡು ಮಾರಾಯ್ತಿ."

ನೋಡಿದೆ. ಸರಿಯಾಗಿಯೇ ನೋಡಿದೆ — ನೋಡಿ, ಮೇಲಿನದೊಂದನ್ನು ಒತ್ತಿದೆ. ಯಂತ್ರ ಕೂಗಿತು.

"ಬಿತ್ತಾ?"

"ಬಿತ್ತು, ಅಜ್ಜಿ."

ಹೊಲಿಗೆ ಮಷೀನು ಪಕ್ಷೇತರನಾಗಿ ನಿಂತಿದ್ದ ಜೀಪು ಡ್ರೈವರ್ ಸುಬ್ಬಣ್ಣನ ಗುರುತು. ಅವನು ಗೆಲ್ಲುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ನಾನಾಗ ರಾಜ್ಯಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿದ ನಮ್ಮ ಕ್ಷೇತ್ರದ ಚುನಾವಣೆಗಳ ಇತಿಹಾಸವೇ ನನ್ನ ಪ್ರಬಂಧದ ವಿಷಯ. ಪೈಪೋಟಿ ಇಬ್ಬರ ನಡುವೆ ಮಾತ್ರ, ನಿಮ್ಮ ಓಟು ಹಾಳಾಗಬಾರದು — ಹಾಗೆ ಯೋಚಿಸಿದೆನೇ? ಬಹಳ ದಿನ ಹಾಗೆಂದೇ ನನಗೆ ನಾನು ಹೇಳಿಕೊಂಡೆ. ಅದು ನಿಜವಲ್ಲ. ಆ ಇಬ್ಬರಲ್ಲಿ ಒಬ್ಬರು ಗೆಲ್ಲಬೇಕೆಂದು ನನಗಿತ್ತು. ನನ್ನ ಓಟು ಆಗಲೇ ಹಾಕಿಯಾಗಿತ್ತು. ಇನ್ನೊಂದು ಸಿಕ್ಕಿತು.

ಕೆಲವು ತಿಂಗಳ ಮೇಲೆ ಪ್ರಬಂಧಕ್ಕೆಂದು ಫೋನಿನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಲು ಬಂದೆ. ನೀವು ಜಗಲಿಯಲ್ಲಿ ಕೂತು ಕೈಯಂದಾಜಿನಲ್ಲೇ ತೆಂಗಿನ ಗರಿಯ ಕಡ್ಡಿ ಹೆರೆಯುತ್ತಿದ್ದಿರಿ. ಮೊದಲ ಓಟಿಗೆ ನಡೆದುಹೋದ ದಾರಿ, ತೋಟದ ಯಜಮಾನರು ಹೇಳಿದಲ್ಲಿ ಒತ್ತಿದ ಮುದ್ರೆ, ಹೂಂ ಎಂದು ತಲೆಯಾಡಿಸಿ ಬೇರೆಲ್ಲೋ ಒತ್ತಿ ಬಂದ ಮುದ್ರೆ — ಎಲ್ಲವನ್ನೂ ನಗುನಗುತ್ತ ಹೇಳಿದಿರಿ. ಕೊನೆಗೆ ಸುಬ್ಬಣ್ಣನ ವಿಷಯ ಬಂತು.

"ಕಾಡಿನ ಜಾಗ ಬಿಟ್ಟು ಏಳಿ ಅಂತ ನಮಗೆ ನೋಟೀಸು ಬಂತಲ್ಲ. ಬಂದವರೆಲ್ಲ ಹೆಬ್ಬೆಟ್ಟು ಒತ್ತು ಅಂದ್ರು. ಕೂತು ಪೂರ್ತಿ ಓದಿ ಹೇಳಿದ್ದು ಅವ ಒಬ್ಬನೇ."

ಹಿಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ್ದನಂತೆ. ನನ್ನ ಓಟು ನಿನಗೇ ಹಾಕಿದ್ದು ಎಂದು ನೀವು ಹೇಳಿದಿರಂತೆ. ಅವನು ನಕ್ಕು ಜೀಪು ಹತ್ತಿದನಂತೆ.

"ನಮ್ಮ ಬೂತಲ್ಲಿ ಅವಂಗೆ ಎಷ್ಟು ಬಿತ್ತು? ನಿನ್ನ ಹತ್ರ ಪಟ್ಟಿ ಉಂಟಲ್ಲ."

ಬೂತುವಾರು ಪಟ್ಟಿ ನನ್ನ ಚೀಲದಲ್ಲೇ ಇತ್ತು. ಸುಬ್ಬಣ್ಣನ ಹೆಸರಿನೆದುರು, ನಮ್ಮ ಬೂತಿನ ಸಾಲಿನಲ್ಲಿ — ಸೊನ್ನೆ. ಅದೇ ಪಟ್ಟಿಯನ್ನು ಅವನೂ ನೋಡಿರಬೇಕು.

"ಒಂದು," ಎಂದೆ.

"ಅದು ನಂದೇ." ನೀವು ಕತ್ತಿ ಕೆಳಗಿಟ್ಟಿರಿ. "ಮತ್ತೆ ಅವ ನಗಾಡಿದ್ದು ಎಂತಕ್ಕೆ?"

ಅಲ್ಲಿಂದ ಮುಂದೆ ರೆಕಾರ್ಡಿಂಗಿನಲ್ಲಿ ಯಾರ ಮಾತೂ ಇಲ್ಲ. ಹಿತ್ತಲಲ್ಲೆಲ್ಲೋ ಕೋಳಿ, ಆಮೇಲೆ ನಾನು ಫೋನ್ ಎತ್ತಿಕೊಂಡ ಸದ್ದು. ಅದನ್ನು ಅಳಿಸಲಾರೆ. ಎಷ್ಟು ಸಲ ಕೇಳಿದ್ದೇನೋ — ಪ್ರತಿ ಸಲವೂ ಅದರೊಳಗಿನ ಆ ಹುಡುಗಿ, ಆಗಿನ ನಾನು, ಈಗ ಹೇಳುತ್ತಾಳೆ, ಈಗ ಬಾಯಿ ಬಿಡುತ್ತಾಳೆ ಎಂದು ಕಾಯುತ್ತೇನೆ. ಅವಳು ಬಿಡುವುದಿಲ್ಲ. ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಅದರ ಕೋಷ್ಟಕದಲ್ಲಿ ಆ ಸೊನ್ನೆಯನ್ನು ನಾನೇ ಟೈಪ್ ಮಾಡಿದ್ದೇನೆ.

ನಿಮ್ಮ ಓಟನ್ನಷ್ಟೇ ಅಲ್ಲ, ಅಜ್ಜಿ — ನೀವು ಗೌರವಿಸುವ ಒಬ್ಬನ ಎದುರು ನಿಮ್ಮ ಮಾತನ್ನೂ ಸುಳ್ಳು ಮಾಡಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೊದಲು ನಿಮಗೆ ಹೇಳುತ್ತೇನೆ. ನೀವು ಒಪ್ಪಿದರೆ ಸುಬ್ಬಣ್ಣನ ಬಳಿಗೂ ಹೋಗಿ, ಅಜ್ಜಿ ಹೇಳಿದ್ದು ನಿಜ, ತಪ್ಪಿದವಳು ನಾನು ಎನ್ನುತ್ತೇನೆ. ಬೇಡ ಎಂದರೆ — ಓಟು ನಿಮ್ಮದು. ಈ ಸಲ ನೀವು ಹೇಳಿದಂತೆಯೇ ಮಾಡುತ್ತೇನೆ.