ಕೆಂಪು ಚುಕ್ಕಿಯ ಬೋರ್ಡು

ಕೆಂಪಾಪುರದ ಮುನಿಕೆಂಪಮ್ಮನಿಗೆ ಈಗ ಅರವತ್ತೊಂದು. ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಅವಳು ಯಶವಂತಪುರದ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿ ತಯಾರಾಗುತ್ತಿದ್ದದ್ದು ಪುಟ್ಟ ಪುಟ್ಟ ಕಂಪ್ಯೂಟರು. ಕೀಲಿಮಣೆಯೊಳಗೇ ಎಲ್ಲ ಅಡಗಿರುತ್ತಿತ್ತು, ಮನೆಯ ಟೀವಿಗೆ ತಂತಿ ಸಿಕ್ಕಿಸಿದರೆ ಸಾಕು. ಕಂಪ್ಯೂಟರ್ ಅಂದರೆ ಏಸಿ ರೂಮಿನಲ್ಲಿ ಬೀರುವಿನ ಹಾಗೆ ನಿಂತಿರುತ್ತದೆಂದು ಜನ ನಂಬಿದ್ದ ಕಾಲವದು. "ಇನ್ನು ಮನೆಮನೆಗೂ ಕಂಪ್ಯೂಟರ್ ಬತ್ತದಂತೆ ಕಣಪ್ಪ" ಅಂದರೆ ಅಪ್ಪ ಬ್ಯಾಟರಾಯಪ್ಪ, "ಮೊದ್ಲು ಮನೆಮನೆಗೆ ನಲ್ಲಿ ಬರ್ಲಿ ಬುಡಮ್ಮಿ" ಅಂತ ನಗುತ್ತಿದ್ದ.

ಎಂಟು ಹೆಣ್ಣುಮಕ್ಕಳು ಸಾಲಾಗಿ ಕೂತು ಕಂಪ್ಯೂಟರಿನೊಳಗಿನ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದರು. ಯಾರ ಕೈಕೆಲಸವೆಂದು ತಿಳಿಯಲು ಬೋರ್ಡಿನ ಮೂಲೆಯಲ್ಲಿ ಒಬ್ಬೊಬ್ಬರದು ಒಂದೊಂದು ಬಣ್ಣದ ಚುಕ್ಕಿ. ಇವಳದು ಹಸಿರು, ಪಕ್ಕದ ವನಿತಾಳದು ಕೆಂಪು. ಬೋರ್ಡುಗಳು ಗಾಜಿನ ಬಾಗಿಲಾಚೆ ಪರೀಕ್ಷೆಗೆ ಹೋದರೆ ಮುಗಿಯಿತು. ಸಾವಿರಾರು ಕಂಪ್ಯೂಟರಿಗೆ ಬೆಸುಗೆ ಹಾಕಿದ ಮುನಿಕೆಂಪಮ್ಮ ಒಂದಾದರೂ ಎಚ್ಚರಗೊಂಡದ್ದನ್ನು ಕಾಣಲಿಲ್ಲ. ಆರು ವರ್ಷಕ್ಕೆ ಶೆಡ್ಡು ಮುಚ್ಚಿತು. ಆಮೇಲೆ ಮದುವೆ, ಮಕ್ಕಳು, ಹೆಬ್ಬಾಳದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಇಪ್ಪತ್ತು ವರ್ಷದ ದುಡಿಮೆ.

ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರಕ್ಷಾ ಬಾಗಲಕೋಟೆ ಕಡೆಯವಳು, ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹೋದ ವರ್ಷ ಕಾಲೇಜಿನಲ್ಲಿ ಹಳೇ ಕಂಪ್ಯೂಟರುಗಳ ಪ್ರದರ್ಶನ ಮಾಡಲು ಹೊರಟಿದ್ದಳು. ಒಂದು ಭಾನುವಾರ ಬೆಳಿಗ್ಗೆ ಗುಜರಿಯಿಂದ ತಂದ ಕಂಪ್ಯೂಟರೊಂದನ್ನು ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಏನ್ ಮಾಡಿದ್ರೂ ಚಾಲೂ ಆಗವಲ್ದ್ರಿ ಆಂಟಿ."

ಬಟ್ಟೆ ಒಣಹಾಕಲು ಬಂದ ಮುನಿಕೆಂಪಮ್ಮ ಬಕೆಟ್ಟನ್ನು ಅಲ್ಲೇ ಕುಕ್ಕಿದಳು. "ಇದು ನಮ್ ಶೆಡ್ಡಿಂದು ಕಣಮ್ಮಾ!" ಬೋರ್ಡು ತಿರುಗಿಸಿದರೆ ಮೂಲೆಯಲ್ಲಿ ಮಾಸಿದ ಕೆಂಪು ಚುಕ್ಕಿ. "ಅಯ್ಯೋ, ವನಿತಾ ಕೈ! ನಾಲ್ಕೂವರೆ ಬಸ್ಸು ಇಡಿಯೋ ಅವಸರಕ್ಕೆ ಕೊನೇದೊಂದನ್ನ ಇಂಗೇ ಅರ್ಧಂಬರ್ಧ ಬುಡೋಳು."

ಭೂತಗನ್ನಡಿ ಹಿಡಿದು ನೋಡಿದಳು. ಕರೆಂಟಿನ ತಂತಿ ಸಿಕ್ಕಿಸುವ ಜಾಗದಲ್ಲಿ ಬೆಸುಗೆ ಬೂದಿಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ಒಳಗಿಂದ ತನ್ನ ಬೆಸುಗೆಕಡ್ಡಿ ತಂದು ಕಾಯಿಸಿ ಮುಟ್ಟಿಸಿದಳು. ಸೀಸ ಕರಗಿ ಬೆಳ್ಳಿಹನಿಯಂತೆ ಕೂತಿತು. ಆಮೇಲೆ ಬೋರ್ಡಿನ ಮೇಲಿದ್ದ ಚಿಪ್ ಒಂದನ್ನು ಮೆಲ್ಲಗೆ ಮೀಟಿ ತೆಗೆದು, ಕಪ್ಪಾಗಿದ್ದ ಅದರ ಕಾಲುಗಳನ್ನು ರಬ್ಬರಿನಿಂದ ಉಜ್ಜತೊಡಗಿದಳು.

"ಮುರದೀತ್ರಿ ಆಂಟಿ!"

"ಸುಮ್ಕಿರಮ್ಮ, ಇದ್ರ ಹಲ್ಲೆಲ್ಲಾ ನಾನು ಕಂಡಿದೀನಿ."

ಹಳೇ ಟೀವಿಗೆ ಸಿಕ್ಕಿಸಿದರು. ಪರದೆಯ ಮೇಲಿನ ಗೆರೆಗಳು ಗರಗರ ತಿರುಗಿ ನಿಂತವು. ಮೇಲ್ತುದಿಯಲ್ಲಿ 'ರೆಡಿ' ಎಂಬ ಇಂಗ್ಲಿಷ್ ಪದ, ಅದರ ಕೆಳಗೆ ಮಿಟುಕುವ ಬಿಳೀ ಚೌಕ.

"ಇಷ್ಟೇನಾ?" ಅಂದಳು ಮುನಿಕೆಂಪಮ್ಮ. ಆದರೆ ಕಣ್ಣು ಕೀಳಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಈಗ ಆರ್.ಟಿ. ನಗರದಲ್ಲಿರುವ ವನಿತಾಳಿಗೆ ಫೋನು ಹಚ್ಚಿದಳು.

"ಲೇ, ನೀನ್ ಮಾಡಿದ ಬೋರ್ಡು ಕೆಟ್ಟು ನನ್ ಮನೇಗೆ ಬಂದೈತೆ!"

"ನಲವತ್ತು ವರ್ಷ ಆಯ್ತು, ವಾರಂಟಿ ಮುಗ್ದಿದೆ ಅಂತ ಹೇಳೇ!" ಅಂದಳು ವನಿತಾ.

ಪ್ರದರ್ಶನದ ದಿನ ಇಬ್ಬರೂ ರೇಷ್ಮೆ ಸೀರೆ ಉಟ್ಟು ಹೋದರು. ರಕ್ಷಾ ಹೇಳಿಕೊಟ್ಟ ಎರಡು ಸಾಲಿನ ಪ್ರೋಗ್ರಾಮನ್ನು ವನಿತಾ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪರದೆ ತುಂಬ ಅವಳದೇ ಹೆಸರು ಸುರಿಯತೊಡಗಿತು, ನಿಲ್ಲಲೇ ಇಲ್ಲ.

"ಥೇಟ್ ಇವ್ಳ ಬಾಯಿದ್ದಂಗೇ ಐತೆ" ಅಂದಳು ಮುನಿಕೆಂಪಮ್ಮ. ಹುಡುಗರೆಲ್ಲ ಗೊಳ್ಳೆಂದರು.

ಅಂದು ಸಂಜೆಯವರೆಗೂ ಆ ಮೇಜಿನ ಮುಂದೆ ಜನ ಕರಗಲಿಲ್ಲ. ಈಗ ಶನಿವಾರ ಶನಿವಾರ ಮುನಿಕೆಂಪಮ್ಮ ಆ ಕಾಲೇಜಿಗೆ ಹೋಗಿ ಬೆಸುಗೆ ಕಲಿಸುತ್ತಾಳೆ. ಬೆಸುಗೆಕಡ್ಡಿ ಹಿಡಿಯಲು ಹಿಂಜರಿಯುವ ಮಕ್ಕಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಎದ್ರಬ್ಯಾಡ ಮಗಾ, ಚೆನ್ನಾಗಿ ಕಾಯ್ಲಿ, ಸೀಸ ತಾನಾಗೇ ಇಳೀತದೆ" ಅನ್ನುತ್ತಾಳೆ. ಮಕ್ಕಳು ಅವಳನ್ನು ಮೇಡಂ ಅನ್ನುತ್ತಾರೆ.