ಸೆಡ್ರಿಕನ ಸುತ್ತಲಿನ ಗದ್ದಲ

ಕುವೈತಿನ ರಾಯ್ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಎಸಿ ಗಾಳಿ ಹಾಯುವ ತಗಡಿನ ಕೊಳವೆ ಬಡಿಯುವ ಸಿಲ್ವೆಸ್ಟರ್ ಒಂದು ಕಾಲಕ್ಕೆ ಡ್ರಮ್ ಬಾರಿಸುತ್ತಿದ್ದನೆಂದರೆ ಜೊತೆಯವರು ನಗುತ್ತಿದ್ದರು. ಈಗ ಮತ್ತೇನು ಮಾಡುತ್ತಿದ್ದೀಯ ಭಾಯಿ, ಅದನ್ನೇ ತಾನೆ, ಎನ್ನುತ್ತಿದ್ದರು.

ಎಂಬತ್ತರ ದಶಕದ ಮಂಗಳೂರಿನಲ್ಲಿ ಅವನು, ಸೆಡ್ರಿಕ್ ಮತ್ತು ರಾಜೀವ್ ಸೇರಿ ಬ್ಯಾಂಡ್ ಕಟ್ಟಿದ್ದರು; ಹಾಡುತ್ತಿದ್ದವನು ಸೆಡ್ರಿಕ್. ಗಿಟಾರನ್ನು ಹಳೆ ರೇಡಿಯೋಕ್ಕೆ ಜೋಡಿಸಿ ಅರಚಿಸುವುದೇ ಅವರಿಗೆ ಸಂಗೀತ. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಸಮಾರಂಭವೊಂದರಲ್ಲಿ ಬಾರಿಸಿದಾಗ ಮದುಮಗಳ ತಂದೆಯೇ ಬಂದು ವಯರ್ ಕಿತ್ತಿದ್ದ. ಮತ್ತೆ ಯಾರೂ ಕರೆಯಲಿಲ್ಲ. ರಾಜೀವ್ ಮುಂಬಯಿ ಸೇರಿದ, ಉಳಿದಿಬ್ಬರು ಕುವೈತಿಗೆ ಬಂದರು. ಬ್ಯಾಂಡಿನ ಗುರುತಾಗಿ ಉಳಿದದ್ದು ಸಿಲ್ವೆಸ್ಟರನ ಪೆಟ್ಟಿಗೆಯ ಒಂದು ಕ್ಯಾಸೆಟ್ ಮಾತ್ರ.

ಸೆಡ್ರಿಕ್ ತೀರಿಕೊಂಡ ಮೇಲೆ ಅವನ ಹೆಂಡತಿ ಗರ್ಟ್ರೂಡ್ ಕೇಳಿದ್ದು ಅದನ್ನೇ. ಗಂಟಲಿನ ಕಾಯಿಲೆ ಅವನ ಮಾತನ್ನು ಮೊದಲೇ ಕಸಿದುಕೊಂಡಿತ್ತು. ಅವಳಿಗೆ ಆ ಸ್ವರವನ್ನು ಇನ್ನೊಮ್ಮೆ ಕೇಳಬೇಕಿತ್ತು.

ಕ್ಯಾಸೆಟ್ಟಿನಲ್ಲಿ ಸ್ವರ ಗದ್ದಲದಡಿ ಹೂತುಹೋಗಿತ್ತು. ಸಿಲ್ವೆಸ್ಟರನ ಮಗಳು ವೆನಿಸ್ಸಾ ಕಂಪ್ಯೂಟರಿನಲ್ಲಿ ಗಿಟಾರು, ಡ್ರಮ್ಮು ಎಲ್ಲ ತೆಗೆದು ಸ್ವರವನ್ನಷ್ಟೇ ಉಳಿಸಿದಳು. ಸಿಲ್ವೆಸ್ಟರ್ ಅದರಲ್ಲಿ ತನ್ನ ಡ್ರಮ್ಮನ್ನು ಹುಡುಕಿದ. ಈ ಜನ್ಮದಲ್ಲಿ ತಾನು ತನಗಾಗಿ ಬಾರಿಸಿದ್ದು ಅಷ್ಟೇ, ಅದೂ ಅಳಿಸಿಹೋಗಿತ್ತು. ಗರ್ಟ್ರೂಡಿಗೆ ಬೇಕಾದದ್ದು ಗಂಡನ ಸ್ವರ, ನನ್ನ ಡ್ರಮ್ಮಲ್ಲ ಎಂದು ಸಮಾಧಾನ ಮಾಡಿಕೊಂಡ. ಹಳೆಯದೂ ಇರಲಿ ಎಂದು ಮಗಳು ಎರಡನ್ನೂ ಅವನ ಫೋನಿಗೆ ಹಾಕಿಕೊಟ್ಟಳು.

ರಜೆಯ ದಿನ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಫರ್ವಾನಿಯಾದ ಗರ್ಟ್ರೂಡಳ ಫ್ಲ್ಯಾಟಿಗೆ ಹೋದ. ಸ್ವರವಷ್ಟೇ ಇದ್ದದ್ದನ್ನು ಅವಳು ಮೊದಲು ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಬರಬರುತ್ತ ಅವಳ ಮುಖ ಬಿಳಿಚಿತು.

“ಅವರದೇ ಸ್ವರ, ಸಿಲ್ವೆಸ್ಟರಾಬ್. ಆದರೆ ಒಬ್ಬರೇ ಯಾಕೆ ಹೀಗೆ ಕಿರುಚುತ್ತಿದ್ದಾರೆ? ಅಷ್ಟು ನೋವಿತ್ತಾ?”

ಆಸ್ಪತ್ರೆಯಲ್ಲಿ ಸೆಡ್ರಿಕ್ ಸ್ವರವಿಲ್ಲದೆ ಬಾಯಿ ತೆರೆಯುತ್ತಿದ್ದುದು ಸಿಲ್ವೆಸ್ಟರಿಗೂ ನೆನಪಾಯಿತು. ನೋವಲ್ಲ, ನಮ್ಮ ಗದ್ದಲವನ್ನು ಮೀರಿ ಕೇಳಿಸಬೇಕಲ್ಲ, ಅದಕ್ಕೆ ಕೂಗುತ್ತಿದ್ದ ಎಂದು ತಡವರಿಸಿ, ಹಳೆಯದನ್ನು ಹಾಕಿದ.

ಗಿಟಾರು ಅರಚಿತು. ಡ್ರಮ್ಮು ಅದರ ಬೆನ್ನಿಗೆ ಬಿತ್ತು. ಎರಡರ ನಡುವೆ ಸೆಡ್ರಿಕ್ ಕೂಗಿದ. ಪ್ರತಿ ಸಾಲಿನ ಕೊನೆಗೂ ಡ್ರಮ್ಮು ತುಸು ನಿಂತು ಮುಂದುವರಿಯುತ್ತಿತ್ತು.

“ಇಲ್ಲಿ ನಿಲ್ಲಿಸುವುದು ನೀವಾ?”

“ಹೌದು. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಕಾಯುತ್ತಿದ್ದೆ.”

ಪಕ್ಕದ ಫ್ಲ್ಯಾಟಿನವರು ಗೋಡೆ ತಟ್ಟಿದರು. ಸಿಲ್ವೆಸ್ಟರ್ ಫೋನಿನತ್ತ ಕೈ ಚಾಚಿದ. ಗರ್ಟ್ರೂಡ್ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಸದ್ದು ತಗ್ಗಿಸಲಿಲ್ಲ.